ಮಾರದೆ ಬಿಟ್ಟ ಒಂದು ಚಂದ್ರಿಕೆ

ನಮ್ಮ ಕಡೆ ರೇಷ್ಮೆ ಸಾಕುವವರು ಎದುರಾದರೆ ಮೊದಲು ಕೇಳುವ ಮಾತು, 'ಹುಳ ಹೆಂಗವೆ?' ಅಂತ. ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಅದೇ, ಮದುವೆ ಮನೆಯ ಊಟದ ಸಾಲಿನಲ್ಲಿ ಸಿಕ್ಕರೂ ಅದೇ. ಸಾವಿನ ಮನೆಯಲ್ಲಾದರೆ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಮೆಲ್ಲಗೆ ಅದನ್ನೇ ಕೇಳುತ್ತೇವೆ. ಹುಳ ನೆಟ್ಟಗಿದ್ದರೆ ಮನೆಯವರೂ ನೆಟ್ಟಗಿದ್ದಾರೆ ಅಂತ ತಿಳಿದುಕೊಳ್ಳುವುದು. ನನ್ನ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆದಾಗ ಆಸ್ಪತ್ರೆಗೆ ಹೋಗಿ ಅವಳ ಮಂಚದ ಪಕ್ಕ ನಿಂತು ನಾನು ಆಡಿದ ಮೊದಲ ಮಾತು, ಹುಳ ಮೂರನೇ ಜ್ವರ ಎದ್ದವು ಅನ್ನುವುದು. ಹುಳ ಪೊರೆ ಬಿಡುವ ಮುಂಚೆ ಹಿಪ್ಪುನೇರಳೆ ಸೊಪ್ಪು ಮುಟ್ಟದೆ ಒಂದು ದಿನ ಮಲಗಿಬಿಡುತ್ತವಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಅವಳು ಕಣ್ಣು ಬಿಟ್ಟು, ಒದ್ದೆ ಸೊಪ್ಪು ಹಾಕಲಿಲ್ಲ ತಾನೇ ಅಂತ ಕೇಳಿದಳು. ಇಲ್ಲ ಅಂದೆ. ಗಂಡ ಹೆಂಡತಿ ಚೆನ್ನಾಗಿಯೇ ಮಾತಾಡಿಕೊಂಡೆವು ಅಂದುಕೊಂಡು ಸಂಜೆ ಬಸ್ಸಿಗೆ ವಾಪಸ್ ಬಂದೆ.

ಇದನ್ನೆಲ್ಲ ಈಗ ಬರೆಯಲು ಕೂತರೆ ಸುಸ್ತಾಗುತ್ತದೆ. ಗುರುಗಳು ಅನ್ನಿಸಿಕೊಂಡವರ ಮೇಲೆ ಒಂದು ಕಾಲಕ್ಕೆ ಇದ್ದ ಸಿಟ್ಟು ಈಗ ಇಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕು.

ಕೊರೊನಾ ಕಾಲದಲ್ಲಿ ಶುರುವಾಯಿತು. ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಮಗ ಹೊಸ ಫೋನು ತಗೊಂಡು ಹಳೆಯದನ್ನು ಅವನ ತಾಯಿಗೆ ಕೊಟ್ಟ. ಹುಳದ ಮನೆಯಲ್ಲಿ ಸೊಪ್ಪು ಹಾಕುವಾಗ ಅವಳು ಅದನ್ನು ಸೊಪ್ಪಿನ ಗೂಡೆಯ ಮೇಲೆ ಇಟ್ಟುಕೊಂಡು ಹಾಡು ಕೇಳುತ್ತಿದ್ದಳು. ಹಾಡು ಹೋಗಿ ಭಜನೆ ಬಂತು, ಭಜನೆ ಹೋಗಿ ಪ್ರವಚನ ಬಂತು. ಒಬ್ಬ ಗುರುಗಳು, ಕನ್ನಡ ಅವರದಲ್ಲ, ಯಾರೋ ಹೆಣ್ಣುಮಗಳು ಹಿಂದಿನಿಂದ ಕನ್ನಡದಲ್ಲಿ ಹೇಳುತ್ತಿದ್ದಳು. ಕಣ್ಣು ಮುಚ್ಚಿ, ಬಲಗೈ ಎದೆಯ ಮೇಲಿಟ್ಟುಕೊಂಡು, ನಾನು ಯಾರು ಅಂತ ಮೂರು ಸಲ ಕೇಳಿಕೊಳ್ಳಿ ಅನ್ನುತ್ತಿದ್ದಳು. ನನಗೆ ನಗು. ನೀನು ಯಾರು ಅಂತ ರೇಷನ್ ಕಾರ್ಡಿನಲ್ಲಿ ಬರೆದಿಲ್ಲವೇ ಅಂತ ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಅವಳೊಬ್ಬಳೇ ಅಲ್ಲ ಬಿಡಿ. ಆ ಎರಡು ಮೂರು ವರ್ಷದಲ್ಲಿ ನಮ್ಮ ಕಡೆ ಗುರುಗಳು ಮಳೆಗಾಲದ ಅಣಬೆ ಎದ್ದಂತೆ ಎದ್ದರು. ರಾಮನಗರದಿಂದ ಚನ್ನಪಟ್ಟಣಕ್ಕೆ ಬರುವಷ್ಟರಲ್ಲಿ ನಾಲ್ಕು ಥರದ ಫ್ಲೆಕ್ಸು. ಒಬ್ಬರು ಉಸಿರಾಡುವುದನ್ನು ಕಲಿಸುತ್ತಾರೆ, ಇಷ್ಟು ದಿನ ನಾವೇನು ಮಾಡುತ್ತಿದ್ದೆವೋ. ಒಬ್ಬರು ನಗುವುದನ್ನು ಕಲಿಸುತ್ತಾರೆ. ಇನ್ನೊಬ್ಬರ ಹತ್ತಿರ ಹೋದರೆ ಶುಗರ್ ಮಾತ್ರೆ ಬಿಟ್ಟುಬಿಡಿ ಅನ್ನುತ್ತಾರೆ. ಊರ ದೇವಸ್ಥಾನದಲ್ಲಿ ವಾರದ ಪೂಜೆಗೆ ಜನ ಇಲ್ಲ, ಪೂಜಾರಿಯ ಹೆಂಡತಿಯೇ ಭಾನುವಾರ ಕನಕಪುರದಲ್ಲಿ ಯಾವುದೋ ಶಿಬಿರಕ್ಕೆ ಹೋಗುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ದೇವರಿಗೂ ಬಂತಲ್ಲ ಅಂದುಕೊಂಡೆ.

ನನ್ನ ಹೆಂಡತಿ ಸೇರಿದ ಕೇಂದ್ರ ಚನ್ನಪಟ್ಟಣದಲ್ಲಿ ಒಂದು ಹಳೇ ಕಲ್ಯಾಣ ಮಂಟಪದ ಮಹಡಿಯಲ್ಲಿತ್ತು. ಮೊದಲ ದಿನ ಹೋಗಿ ಬಂದವಳು ಸಂಜೆ ಮುದ್ದೆ ಕಟ್ಟುತ್ತಾ, ಬಾಗಿಲಲ್ಲೇ ಒಬ್ಬ ಅಕ್ಕ ನಿಂತಿದ್ದರು, ಎರಡೂ ಕೈ ಹಿಡಿದುಕೊಂಡು 'ಹೇಗಿದ್ದೀರಮ್ಮ?' ಅಂದರು, ನನಗೆ ಅಳುವೇ ಬಂದುಬಿಟ್ಟಿತು ಅಂದಳು. ಅದಕ್ಕೇನು ಅಳುವುದು, ಬಸ್ ಕಂಡಕ್ಟರೂ ಕೇಳುತ್ತಾನೆ ಅಂದೆ. ಅವಳು ಮುದ್ದೆಯನ್ನು ನನ್ನ ತಟ್ಟೆಗೆ ಇಟ್ಟು ಎದ್ದು ಹೋದಳು. ಇವತ್ತಿಗೂ ಆ ಮಾತು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ವಾರಕ್ಕೊಂದು ದಿನ ಇದ್ದದ್ದು ಮೂರು ದಿನ ಆಯಿತು. ತಿಳಿನೀಲಿ ಸೀರೆ ಬಂತು, ಅಲ್ಲಿಯವರೆಲ್ಲ ಅದನ್ನೇ ಉಡುವುದು. ಮನೆಯಲ್ಲಿ ಮಾಂಸ ನಿಂತಿತು. ಮಾರ್ಲಾಮಿ ಹಬ್ಬದಲ್ಲಿ ನಮ್ಮಪ್ಪನಿಗೆ ಎಡೆ ಇಡುವಾಗ ಬಾಡಿಲ್ಲದ ಎಡೆ ಇಟ್ಟೆವು. ಬದುಕಿದ್ದಾಗ ಬಾಡಿಲ್ಲದಿದ್ದರೆ ತಟ್ಟೆ ತಳ್ಳುತ್ತಿದ್ದ ಮನುಷ್ಯ ಅವನು. ನಾನು ಒಂದು ಕಟ್ಟು ಬೀಡಿ ಜಾಸ್ತಿ ಇಟ್ಟು ಮನಸ್ಸಿನಲ್ಲೇ ತಪ್ಪಾಯಿತು ಅಂದೆ. ಜಗಳ ಆಡಬಹುದಿತ್ತು, ಆಡಲಿಲ್ಲ. ಹುಳ ಕೊನೇ ಜ್ವರದಲ್ಲಿದ್ದವು, ಅವಳು ಕೈಬಿಟ್ಟರೆ ಬೆಳೆ ಹೋಗುತ್ತಿತ್ತು. ಮೂವತ್ತು ವರ್ಷದಿಂದ ನಮ್ಮ ಹುಳದ ಮನೆ ನಡೆದದ್ದು ಅವಳ ಕೈಯಲ್ಲಿ. ನಾನು ಸೊಪ್ಪು ಕೊಯ್ದು ತರುವವನು, ಮಾರುಕಟ್ಟೆಗೆ ಹೋಗುವವನು. ಹುಳದ ಮೇಲೆ ಕೈಯಾಡಿಸಿ, ಇವಕ್ಕೆ ಹಸಿವಿದೆ, ಇವಕ್ಕೆ ಸೆಕೆಯಾಗಿದೆ ಅಂತ ಹೇಳುವವಳು ಅವಳು.

ಒಂದೇ ಒಂದು ಸಲ ನಾನು ಕೂಗಾಡಿದ್ದು ಉಂಟು. ಕೇಂದ್ರದಿಂದ ಎಂಟು ಹತ್ತು ಹೆಂಗಸರು ಮನೆಶುದ್ಧಿ ಅಂತ ಬಂದರು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಹತ್ತಿರದಲ್ಲಿ ಊದುಬತ್ತಿ ಕೂಡ ಹಚ್ಚುವುದಿಲ್ಲ. ವಾಸನೆಗೆ ಹುಳ ಮೇವು ಬಿಡುತ್ತವೆ. ನಾನು ತೋಟದಿಂದ ಬರುವಷ್ಟರಲ್ಲಿ ನಡುಮನೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿ ಹುಳದ ಮನೆಯ ಬಾಗಿಲ ಸಂದಿಗೆ ಹೋಗುತ್ತಿತ್ತು. ಸೊಪ್ಪಿನ ಹೊರೆ ಅಲ್ಲೇ ಎಸೆದು, ಧೂಪದ ಪಾತ್ರೆಯನ್ನು ಬೀದಿಗೆ ತಂದು ಕವುಚಿದೆ. ಹೆಂಗಸರು ಚಪ್ಪಲಿ ಹುಡುಕಿಕೊಂಡು ಹೊರಟರು. ಮೊದಲ ದಿನ ಇವಳ ಕೈ ಹಿಡಿದು ಮಾತಾಡಿಸಿದ್ದ ಆ ಅಕ್ಕ ಮಾತ್ರ ಬಾಗಿಲಲ್ಲಿ ನಿಂತು, ಪರವಾಗಿಲ್ಲ ಅಣ್ಣ, ನಿಮ್ಮ ನೋವು ನನಗೆ ಅರ್ಥ ಆಗುತ್ತದೆ ಅಂದಳು. ಅದಕ್ಕಿಂತ ಅವಳು ಎರಡು ಬೈದಿದ್ದರೆ ವಾಸಿಯಿತ್ತು. ನನ್ನ ಹೆಂಡತಿ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಅದಾದ ಮೇಲೆ ಒಂದು ದಿನ ಅವಳನ್ನು ಕರೆತರಲು ಗಾಡಿ ತಗೊಂಡು ಕೇಂದ್ರಕ್ಕೆ ಹೋಗಿದ್ದೆ. ಮಹಡಿ ಮೆಟ್ಟಿಲು ಹತ್ತಿ ಕಿಟಕಿಯಲ್ಲಿ ನೋಡಿದೆ. ಅವಳು ಕುರ್ಚಿಯ ಮೇಲೆ ಕೂತಿದ್ದಳು. ಯಾರೋ ಅವಳಿಗೆ ಕಾಫಿ ತಂದುಕೊಟ್ಟರು. ಪಕ್ಕದವಳು ಏನೋ ಹೇಳಿದಳು, ಇವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮದುವೆಯಾದ ಹೊಸದರಲ್ಲಿ ಹಾಗೆ ನಗುತ್ತಿದ್ದಳು. ನಾನು ಕೆಳಗಿಳಿದು ಗಾಡಿಯ ಹತ್ತಿರ ನಿಂತು ಹಾರನ್ ಹೊಡೆದೆ.

ಕಳೆದ ವರ್ಷ ಮಾಗಡಿಯ ಆಚೆ ಬೆಟ್ಟದ ಬುಡದಲ್ಲಿ ಆ ಗುರುಗಳ ಆಶ್ರಮ ಆಯಿತು. ದೀಕ್ಷೆ ತಗೊಂಡವರು ಅಲ್ಲೇ ಇದ್ದು ಸೇವೆ ಮಾಡಬಹುದು. ಅವಳು ಒಂದು ಸಂಜೆ ಹುಳಕ್ಕೆ ಸೊಪ್ಪು ಹಾಕಿ ಮುಗಿಸಿ, ಕೈ ತೊಳೆದು, ನನ್ನೆದುರು ಕೂತಳು. ಜೀವ ತೆಗೆದು ಬದುಕುವ ಕೆಲಸ ಇನ್ನು ತನ್ನ ಕೈಯಲ್ಲಿ ಆಗುವುದಿಲ್ಲ ಅಂದಳು. ಹುಳವನ್ನು ಮಕ್ಕಳಂತೆ ಸಾಕಿ ಗೂಡು ಕಟ್ಟಿಸಿ ಬಿಸಿನೀರಿಗೆ ಕಳಿಸುತ್ತೇವೆ, ಮೂವತ್ತು ವರ್ಷ ಕಳಿಸಿದೆ, ಸಾಕು ಅಂದಳು. ನಾನು ಸೊಪ್ಪಿನ ತೋಟ ಕೀಳಿಸಿ ಬೇರೆ ಏನಾದರೂ ಹಾಕಿದರೆ ಮನೆಯಲ್ಲೇ ಇರುತ್ತಾಳಂತೆ. ಇಲ್ಲದಿದ್ದರೆ ಬರುವ ಹುಣ್ಣಿಮೆಗೆ ಆಶ್ರಮಕ್ಕೆ ಹೋಗಿ ಅಲ್ಲೇ ಉಳಿದುಬಿಡುತ್ತಾಳಂತೆ. ಗಟ್ಟಿಯಾಗಿ ಹೇಳಲಿಲ್ಲ, ಅಳಲೂ ಇಲ್ಲ. ಯಾರೋ ಕಲಿಸಿದ ಮಾತೂ ಅಲ್ಲ ಅದು, ಅವಳದೇ. ಅದೇ ನನಗೆ ಭಯವಾಗಿದ್ದು.

ತೋಟ ಕೀಳುವುದು ಅಂದರೆ ನಮ್ಮಪ್ಪ ನೆಟ್ಟ ಗಿಡ ಕೀಳುವುದು. ಆಗಲ್ಲ ಅಂದೆ. ಹಂಗಾದ್ರೆ ಸರಿ ಅಂದಳು. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ ಆಯಿತು ನನಗೆ. ಮಗನಿಗೆ ಹೇಳಿದರೆ, ಅಮ್ಮನ ಇಷ್ಟ ಅಂದು ಶಿಫ್ಟಿಗೆ ಹೋದ.

ಆ ಬೆಳೆ ಹಣ್ಣಾದಾಗ, ಅಂದರೆ ಹುಳ ಮೇವು ಬಿಟ್ಟು ಗೂಡು ಕಟ್ಟಲು ತಯಾರಾದಾಗ, ಇಬ್ಬರೂ ಸೇರಿ ಚಂದ್ರಿಕೆಗೆ ಹಾಕಿದೆವು. ಚಂದ್ರಿಕೆ ಅಂದರೆ ಬಿದಿರಿನ ತಟ್ಟಿ, ಅದರ ಸುತ್ತಿನಲ್ಲಿ ಹುಳ ಕೂತು ಗೂಡು ಕಟ್ಟುತ್ತವೆ. ಕೊನೆಯ ಸಲ ಮಾಡಿಕೊಡುತ್ತೇನೆ ಅಂತ ಅವಳೇ ಬಂದಿದ್ದಳು. ಒಂದು ಚಂದ್ರಿಕೆ ತುಂಬಿದ ಮೇಲೆ ಅದರ ಅಂಚು ಹಿಡಿದುಕೊಂಡು ನಿಂತಳು.

"ಇದೊಂದ ಮಾರ್ಬ್ಯಾಡಿ. ಚಿಟ್ಟೆ ಆಗಿ ಹಾರೋಗ್ಲಿ. ಒಂದ್ಸಾವ್ರ ಜೀವನಾದ್ರೂ ಬುಟ್ಟು ಹೋಯ್ತೀನಿ," ಅಂದಳು.

ನಾನು ಹೂಂ ಅಂದೆ. ಆ ಹೂಂ ಬಗ್ಗೆಯೇ ಇಷ್ಟು ಬರೆಯುತ್ತಿರುವುದು.

ರೇಷ್ಮೆ ಸಾಕುವವರಿಗೆ ಒಂದು ವಿಚಿತ್ರ ಇದೆ. ಮರಿಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳ ಬಂದ ದಿನದಿಂದ ಗೂಡು ಕಟ್ಟುವವರೆಗೆ ಅದರ ಹಸಿವು ನಿದ್ದೆ ಎಲ್ಲ ಗೊತ್ತು. ಆದರೆ ಅದು ಚಿಟ್ಟೆಯಾಗುವುದನ್ನು ನಾವು ನೋಡಿಯೇ ಇರುವುದಿಲ್ಲ. ಐದನೇ ದಿನ ಆರನೇ ದಿನ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುತ್ತೇವೆ, ಚಿಟ್ಟೆ ತೂತು ಮಾಡಿದ ಗೂಡಿನಿಂದ ನೂಲು ಬರುವುದಿಲ್ಲ. ಹಾಗಾಗಿ ಮೂವತ್ತು ವರ್ಷ ಹುಳ ಸಾಕಿದ ನನ್ನ ಹೆಂಡತಿ ರೇಷ್ಮೆಯ ಚಿಟ್ಟೆ ಅಂದರೆ ಹೂವಿನ ಮೇಲೆ ಕೂರುವ ಚಿಟ್ಟೆಯ ಹಾಗೆಯೇ ಇರುತ್ತದೆ ಅಂದುಕೊಂಡಿದ್ದಳು. ನಾನು ಹಾಗಲ್ಲ. ಪ್ರಾಯದಲ್ಲಿ ಮಾಗಡಿ ಕಡೆ ಒಂದು ಮೊಟ್ಟೆ ಕೇಂದ್ರದಲ್ಲಿ ಆರು ತಿಂಗಳು ಕೂಲಿ ಮಾಡಿದ್ದೆ. ಅಲ್ಲಿ ತಟ್ಟೆಗಟ್ಟಲೆ ಚಿಟ್ಟೆ ನೋಡಿದ್ದೆ. ಅದಕ್ಕೆ ರೆಕ್ಕೆ ಇರುತ್ತದೆ, ಹಾರಲು ಬರುವುದಿಲ್ಲ. ತಿನ್ನುವ ಬಾಯಿಯೇ ಇಲ್ಲ. ಗಂಡು ಹೆಣ್ಣು ಜೋಡಿಯಾಗಿ ಮೊಟ್ಟೆ ಇಟ್ಟು, ನಾಲ್ಕೈದು ದಿನಕ್ಕೆ ಕೂತಲ್ಲೇ ಸಾಯುತ್ತವೆ. ಎಷ್ಟೋ ತಲೆಮಾರಿನಿಂದ ಮನುಷ್ಯನ ಕೈಯಲ್ಲಿ ತಿಂದು ಹಾಗಾಗಿವೆಯಂತೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದೆ. ನೋಡಲಿ, ಕಣ್ಣಾರೆ ನೋಡಲಿ, ಗುರುಗಳ ಬಿಡುಗಡೆ ಎಂಥದ್ದು ಅಂತ ತಿಳಿಯಲಿ ಅನ್ನುವ ಹಠ ನನಗೆ.

ಉಳಿದ ಗೂಡು ತಗೊಂಡು ರಾಮನಗರದ ಮಾರುಕಟ್ಟೆಗೆ ಹೋದೆ. ಅಲ್ಲಿ ನನ್ನ ಗೂಡನ್ನು ಹರಾಜಿನಲ್ಲಿ ಬಹಳ ಸಲ ಹಿಡಿದ ಒಬ್ಬರು ಇದ್ದಾರೆ, ನೂಲು ಬಿಚ್ಚಾಣಿಕೆ ಮಾಡುವ ಸಾಬರು, ನನ್ನ ವಯಸ್ಸಿನವರೇ. ಯಾಕೆ ಈ ಸಲ ಕಡಿಮೆ ಅಂದರು. ಟೀ ಕುಡಿಯುತ್ತಾ ಎಲ್ಲ ಹೇಳಿದೆ. ಅವರು ತಮ್ಮ ಮನೆಯದೂ ಹೇಳಿದರು. ಅವರ ತಮ್ಮ ಯಾವುದೋ ಹೊಸ ಜಮಾತಿಗೆ ಸೇರಿಕೊಂಡಿದ್ದಾನಂತೆ, ದರ್ಗಾಕ್ಕೆ ಹೋಗುವುದು ತಪ್ಪು ಅನ್ನುತ್ತಾನಂತೆ. ಅವರ ತಾಯಿ ಉರುಸಿಗೆ ಮಾಡಿದ ಸಿಹಿ ಅನ್ನವನ್ನು ಮುಟ್ಟದೆ ಎದ್ದು ಹೋದನಂತೆ. ಹಾಗಂತ ಬೈಯೋಣ ಅಂದರೆ ಅದೇ ಜಮಾತಿಗೆ ಹೋದ ಮೇಲೆ ಕುಡಿಯುವುದನ್ನು ಬಿಟ್ಟಿದ್ದಾನೆ, ಯಾವ ಬಾಯಲ್ಲಿ ಬೈಯುವುದು ಅಂದರು.

ಆಮೇಲೆ ಅವರು ಕೇಳಿದರು. "ಚಿಟ್ಟೆ ಹಾರಲ್ಲ ಅಂತ ಅಮ್ಮಾವ್ರಿಗೆ ಗೊತ್ತಾ?"

"ಗೊತ್ತಿಲ್ಲ ಭಾಯ್."

"ಹೇಳ್ಬಿಡಿ ಯಜಮಾನ್ರೇ. ಇವತ್ತೇ ಹೇಳ್ಬಿಡಿ."

ಹೇಳುತ್ತೇನೆ ಅಂದು ಬಸ್ ಹತ್ತಿದೆ. ಮನೆಗೆ ಬಂದಾಗ ಅವಳು ಆ ಚಂದ್ರಿಕೆಯನ್ನು ಜಗಲಿಗೆ ತಂದು ಬಿಸಿಲು ಬೀಳದ ಕಡೆ ಒರಗಿಸಿ, ಕೆಳಗೆ ನನ್ನ ಹಳೇ ಪಂಚೆ ಹಾಸಿದ್ದಳು. ಗೂಡನ್ನು ನೋಡುವ ಅವಳ ಮುಖ ನೋಡಿದೆ. ನಾಳೆ ಹೇಳೋಣ ಅಂದುಕೊಂಡೆ. ನಾಳೆಯೂ ಹಾಗೆಯೇ ಅಂದುಕೊಂಡೆ. ದಿನ ಹೋದವು.

ಹನ್ನೆರಡನೇ ದಿನವೋ ಹದಿಮೂರನೇ ದಿನವೋ ಬೆಳಗಿನ ಜಾವ ಅವಳು ಕರೆದಳು. ನೀಲಿ ಸೀರೆ ಉಟ್ಟಿದ್ದಳು. ಗೂಡಿನ ತುದಿ ಒದ್ದೆಯಾಗಿ, ಒಂದೊಂದೇ ಚಿಟ್ಟೆ ತಲೆ ಹಾಕಿ ಹೊರಬರುತ್ತಿತ್ತು. ಮೈಯೆಲ್ಲ ತೇವ, ರೆಕ್ಕೆ ಮುದುರಿಕೊಂಡಿತ್ತು. ನೋಡ ನೋಡುತ್ತಾ ಬಿಡಿಸಿಕೊಂಡವು. ಅವಳು ಒಂದು ತಟ್ಟೆಯಲ್ಲಿ ಬೆಲ್ಲದ ನೀರು, ಪಕ್ಕದಲ್ಲಿ ಒಂದಿಷ್ಟು ಕನಕಾಂಬರ ಹೂವು ಇಟ್ಟಿದ್ದಳು, ಹೊಟ್ಟೆ ತುಂಬಿಸಿಕೊಂಡು ಹೋಗಲಿ ಅಂತ. ಮದುವೆಯ ಹೊಸದು ಕಳೆದ ಮೇಲೆ ಇಷ್ಟು ವರ್ಷದಲ್ಲಿ ಅವಳು ಅಷ್ಟು ಖುಷಿಯಾಗಿದ್ದದ್ದು ನಾನು ಕೇಂದ್ರದ ಆ ಕಿಟಕಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಬಾಯಲ್ಲಿ ಭಜನೆ, ಕೈಯಲ್ಲಿ ಫೋನು.

ಬಿಸಿಲೇರಿತು. ಚಿಟ್ಟೆಗಳು ಪಂಚೆಯ ಮೇಲೆ ಬಿದ್ದು ರೆಕ್ಕೆ ಪಟಪಟ ಬಡಿಯುತ್ತಾ ಅಲ್ಲಲ್ಲೇ ಸುತ್ತಿದವು. ಅವಳು ಒಂದನ್ನು ಅಂಗೈಯಲ್ಲಿ ಎತ್ತಿ ಅಂಗಳಕ್ಕೆ ಹೋಗಿ ಮೇಲಕ್ಕೆ ಹಾರಿಬಿಟ್ಟಳು. ಅದು ನೆಲಕ್ಕೆ ಬಿತ್ತು. ಇನ್ನೊಂದು ಬಿಟ್ಟಳು, ಅದೂ ಬಿತ್ತು. ಬಾಗಿ ಎತ್ತಿಕೊಂಡು, ಬಾಯಿಂದ ಮೆಲ್ಲಗೆ ಊದಿ ಮಣ್ಣು ಹಾರಿಸಿ, ಮತ್ತೆ ಬಿಟ್ಟಳು. ಮೂರನೆಯದನ್ನು ಬಿಡಲಿಲ್ಲ, ಕೈಯಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಯಾಕೆ ಹಾರ್ತಿಲ್ಲ ಇವು?"

"ಹಾರಕ್ಕಿಲ್ಲ ಕಣಮ್ಮಿ."

"ಬೆಲ್ಲದ ನೀರೂ ಮುಟ್ನಿಲ್ಲ."

"ಅವುಕ್ಕೆ ಬಾಯಿಲ್ಲ."

ಅವಳು ಕೈಯಲ್ಲಿದ್ದದ್ದನ್ನು ಹತ್ತಿರ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು.

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ಸುಸ್ತು ನನಗೆ. ಗೊತ್ತಿತ್ತು ಅಂದೆ.

ಅವಳು ಕೈಯಲ್ಲಿದ್ದದ್ದನ್ನು ಮೆಲ್ಲಗೆ ಪಂಚೆಯ ಮೇಲೆ ಬಿಟ್ಟಳು. ಇರುವೆ ಬಂದಿದ್ದವು, ಪಕ್ಕದ ಮನೆಯ ಕೋಳಿ ಬಂದಿತ್ತು. ಪೊರಕೆ ತಗೊಂಡು ಜಗಲಿಯಲ್ಲಿ ಕೂತಳು. ಮೂರು ದಿನ ಹಾಗೆಯೇ ಕೂತಳು, ಕೋಳಿ ಓಡಿಸುತ್ತಾ, ಹಲ್ಲಿ ಓಡಿಸುತ್ತಾ. ಪಂಚೆಯ ತುಂಬ ಮೊಟ್ಟೆ, ಅದರ ಮೇಲೆ ಚಿಟ್ಟೆಗಳು ಒಂದೊಂದೇ ನಿಂತುಹೋದವು. ನಾನು ಪಂಚೆ ಸುತ್ತಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ ಅಂದರೆ ಬಿಡಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆಟ ಆಡಿದ ಬೆಕ್ಕು ನಾನೇ, ನನಗೂ ಅನ್ನ ಇಳಿಯಲಿಲ್ಲ.

ಎರಡನೇ ದಿನ ಅವಳು ಆ ಅಕ್ಕನಿಗೆ ಫೋನು ಮಾಡಿದ್ದು ನನಗೆ ಒಳಗಿನಿಂದ ಕೇಳಿಸುತ್ತಿತ್ತು. ಸ್ಪೀಕರ್ ಹಾಕಿದ್ದಳು. ಅಕ್ಕನ ಧ್ವನಿ ಎಂದಿನಂತೆ ತಣ್ಣಗಿತ್ತು. ಅದು ಆ ಜೀವಗಳ ಕರ್ಮ ಅಮ್ಮ, ನಿಮ್ಮ ಸಂಕಲ್ಪ ಶುದ್ಧವಾಗಿತ್ತಲ್ಲ, ಪುಣ್ಯ ಎಲ್ಲೂ ಹೋಗುವುದಿಲ್ಲ ಅಂದಳು. ಹೊರಬರುವಾಗ ತೆಗೆದ ಫೋಟೋ ಇದ್ದರೆ ಕಳಿಸಿ, ಗ್ರೂಪಿಗೆ ಹಾಕೋಣ, ನೂರಾರು ಜನಕ್ಕೆ ಸ್ಫೂರ್ತಿಯಾಗುತ್ತದೆ ಅಂದಳು. ಆಕೆ ಕೆಟ್ಟವಳಲ್ಲ. ಅವಳಿಗೂ ಅಷ್ಟೇ ಗೊತ್ತಿದ್ದದ್ದು. ನನ್ನ ಹೆಂಡತಿ ಸರಿ ಅಕ್ಕ ಅಂದು ಫೋನು ಇಟ್ಟಳು. ಫೋಟೋ ಕಳಿಸಿದಂತೆ ಕಾಣಲಿಲ್ಲ.

ಹುಣ್ಣಿಮೆ ಬಂತು. ಬೆಳಗ್ಗೆಯಿಂದ ನಾನು ಅವಳ ಬ್ಯಾಗು ಎಲ್ಲಿದೆ ಅಂತ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಮಾಗಡಿಯ ಬಸ್ಸಿನ ಹೊತ್ತು ಹೋಯಿತು. ಅವಳು ಖಾಲಿ ಹುಳದ ಮನೆಗೆ ಹೋಗಿ ತಟ್ಟೆಗಳನ್ನು ತಂದು ಬಾವಿಕಟ್ಟೆಯ ಹತ್ತಿರ ತೊಳೆಯಲು ಕೂತಳು. ಮುಂದಿನ ಬೆಳೆಗೆ ತಯಾರಿ. ಯಾಕೆ ಹೋಗಲಿಲ್ಲ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಚನ್ನಪಟ್ಟಣದ ಕೇಂದ್ರಕ್ಕೂ ಹೋಗಲಿಲ್ಲ. ಫೋನಿನಲ್ಲಿ ಪ್ರವಚನ ನಿಂತಿತು, ಹಾಡೂ ನಿಂತಿತು. ಮಾಂಸ ತರಲೇ ಅಂದರೆ ತನ್ನಿ ಅನ್ನುತ್ತಾಳೆ, ಮಾಡಿ ಬಡಿಸುತ್ತಾಳೆ, ಅವಳು ತಿನ್ನುವುದಿಲ್ಲ. ಆ ನೀಲಿ ಸೀರೆ ಈಗ ಎರಡು ತುಂಡಾಗಿ ಸೊಪ್ಪು ಬಾಡದಂತೆ ಒದ್ದೆ ಮಾಡಿ ಹೊದಿಸುವ ಬಟ್ಟೆಯಾಗಿದೆ.

ಗೆದ್ದೆಯಲ್ಲ ಅಂತ ಊರಿನಲ್ಲಿ ಒಬ್ಬಿಬ್ಬರು ಬೆನ್ನು ತಟ್ಟಿದರು. ಏನು ಗೆದ್ದದ್ದು? ಮನೆಯೊಳಗೆ ಒಬ್ಬಳು ನಗುವುದನ್ನು ಕಲಿತು ಬಂದಿದ್ದಳು, ಅದನ್ನು ಮರೆಸಿದೆ, ಅಷ್ಟೇ. ಆ ಮಂಟಪದ ಮಹಡಿಯಲ್ಲಿ ಅವಳಿಗೆ ಸಿಕ್ಕಿದ್ದೇನು ಅಂತ ರಾತ್ರಿ ಹಗಲು ಯೋಚಿಸಿದೆ. ದೇವರಲ್ಲ, ಮೋಕ್ಷವೂ ಅಲ್ಲ. ಒಂದು ಕುರ್ಚಿ, ಯಾರೋ ತಂದುಕೊಟ್ಟ ಕಾಫಿ, ಬಾಗಿಲಲ್ಲಿ ಕೈ ಹಿಡಿದು ಹೇಗಿದ್ದೀರಮ್ಮ ಅಂತ ಕೇಳಿದ ಒಂದು ಮಾತು. ಅದನ್ನು ಕೊಡಲು ನನಗೆ ಖರ್ಚೇನೂ ಇರಲಿಲ್ಲ.

ಹೋದ ವಾರ ಕೇಳಿಯೇ ಬಿಡೋಣ ಅಂತ ತೀರ್ಮಾನ ಮಾಡಿದೆ. ಈ ವಯಸ್ಸಿನಲ್ಲಿ ಹೆಂಡತಿಗೆ ಒಂದು ಮಾತು ಕೇಳಲು ತೋಟದಲ್ಲಿ ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡೆ. ನಾಚಿಕೆಯಾಯಿತು. ಕೈಕಾಲು ತೊಳೆದು, ಹುಳದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ಅವಳು ಬೆನ್ನು ತಿರುಗಿಸಿಕೊಂಡು ಹುಳದ ಮೇಲೆ ಕೈಯಾಡಿಸುತ್ತಿದ್ದಳು.

"ನೀನ್ ಹೆಂಗಿದ್ದೀಯಮ್ಮಿ?" ಅಂದೆ.

ಅವಳು ತಿರುಗಲಿಲ್ಲ.

"ಹುಳ ಚೆನ್ನಾಗವೆ. ನಾಳೆ ಜ್ವರ ಏಳ್ತವೆ, ಒಸಿ ಎಳೇ ಸೊಪ್ಪು ಕೊಯ್ಕೊಂಡ್ ಬನ್ನಿ," ಅಂದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಸೊಪ್ಪಿಗೆ ಹೋದೆ.